ವೇಷ ಬದಲಾಗುವ ಮೊದಲಿನ ಐದಾರು ಸೆಕೆಂಡು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಯುವ ಪುಟದಲ್ಲಿ ಆಟೋ ಬ್ಯಾಟ್ಲರ್ ಅನ್ನುವ ಕಂಪ್ಯೂಟರ್, ಮೊಬೈಲ್ ಆಟಗಳ ಬಗ್ಗೆ ಒಂದು ಬರಹ ಬಂದಿತ್ತು. ತುಂಬಾ ಖುಷಿಯಾಯಿತು. ನಾನು ಆಡುವ ಟೀಮ್‌ಫೈಟ್ ಟ್ಯಾಕ್ಟಿಕ್ಸ್ ಅನ್ನುವ ಆಟದ ಹೆಸರನ್ನು ಕನ್ನಡ ಪತ್ರಿಕೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಆದರೆ ಅದರಲ್ಲಿದ್ದ ಎರಡು ಮಾತು ನನಗೆ ಸರಿ ಕಾಣಲಿಲ್ಲ. ಆಡುವವರಿಗೆ ಇಲ್ಲಿ ಕೆಲಸವೇ ಇಲ್ಲ, ಗೊಂಬೆಗಳು ತಾವೇ ಹೊಡೆದಾಡಿಕೊಳ್ಳುತ್ತವೆ ಅಂತ ಬರೆದಿದ್ದರು. ರೂಪ ಬದಲಿಸುವ ವರ್ಗದ ಪಾತ್ರಗಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಮರೆತುಬಿಡಿ ಅಂತಲೂ ಬರೆದಿದ್ದರು. ಈ ಎರಡನೇ ಮಾತು ನೋಡಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಆರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಆಡುತ್ತಿದ್ದೇನೆ, ಈ ವರ್ಗ ಆಟದಲ್ಲಿ ಇದ್ದಾಗಲೆಲ್ಲ ಹೆಚ್ಚಾಗಿ ಆಡಿದ್ದೇ ಇದನ್ನು ಇಟ್ಟುಕೊಂಡು.

ಗೊತ್ತಿಲ್ಲದ ಓದುಗರಿಗಾಗಿ ಮೊದಲು ಆಟ ಹೇಗೆ ಅಂತ ಎರಡು ಮಾತು. ಒಂದು ಪಂದ್ಯದಲ್ಲಿ 8 ಜನ ಇರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಮಣೆ. ಪ್ರತಿ ಸುತ್ತಿಗೂ ನಾಣ್ಯ ಸಿಗುತ್ತದೆ. ಅದರಲ್ಲಿ ಅಂಗಡಿಯಿಂದ ಪಾತ್ರಗಳನ್ನು ಕೊಂಡು ಮಣೆಯ ಮನೆಗಳಲ್ಲಿ ನಿಲ್ಲಿಸಬೇಕು. ಹೊತ್ತು ಮುಗಿದ ಮೇಲೆ ಕಾಳಗ ಶುರು, ಅಲ್ಲಿಂದ ಮುಂದೆ ಕಾದಾಡುವ ಪಾತ್ರಗಳ ಜಾಗ ಯಾರೂ ಬದಲಿಸುವ ಹಾಗಿಲ್ಲ. ಒಂದೇ ಪಾತ್ರ ಮೂರು ಸಿಕ್ಕಿದರೆ ಅವು ಕೂಡಿ ಎರಡು ನಕ್ಷತ್ರದ ಒಂದು ಬಲವಾದ ಪಾತ್ರವಾಗುತ್ತದೆ. ಸೋತ ಸುತ್ತಿಗೆ ನಮ್ಮ ಜೀವ ಕಡಿಮೆಯಾಗುತ್ತಾ ಹೋಗುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಈ ಥರದ ಆಟಕ್ಕೆ ದಾರಿ ಮಾಡಿದ್ದು 2019ರ ಜನವರಿಯಲ್ಲಿ ಬಂದ ಡೋಟಾ ಆಟೋ ಚೆಸ್. ಅದೇ ವರ್ಷ ಜೂನ್‌ನಲ್ಲಿ ರಯಟ್ ಗೇಮ್ಸ್‌ನವರು ಟೀಮ್‌ಫೈಟ್ ಟ್ಯಾಕ್ಟಿಕ್ಸ್ ತಂದರು. ನಾನಾಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದೆ. ರೂಮಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಸರದಿ ಹಚ್ಚಿ ಆಡುತ್ತಿದ್ದೆವು.

ಕಾಳಗ ಶುರುವಾದ ಮೇಲೆ ಹೆಚ್ಚು ಕೆಲಸ ಇಲ್ಲ ಅನ್ನುವುದು ನಿಜ. ಮುಖ್ಯ ಕೆಲಸವೆಲ್ಲ ಅದಕ್ಕೂ ಮೊದಲಿನ ಅರ್ಧ ನಿಮಿಷದಲ್ಲಿ. ಇದು ಅತಿ ಹೆಚ್ಚು ಗೊತ್ತಾಗುವುದು ರೂಪ ಬದಲಿಸುವವರ ವಿಷಯದಲ್ಲೇ. ಇಂಗ್ಲಿಷಿನಲ್ಲಿ ಇವರಿಗೆ ಶೇಪ್‌ಶಿಫ್ಟರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾನೂ ಅಕ್ಕನ ಮಗನೂ ವೇಷದವರು ಅನ್ನುತ್ತೇವೆ. ಈ ಪತ್ರದಲ್ಲೂ ಹಾಗೆಯೇ ಬರೆಯುತ್ತೇನೆ.

ಈ ಆಟದ ಪಾತ್ರ, ಬೆಲೆ, ನಿಯಮ ಸೀಸನ್ನಿನಿಂದ ಸೀಸನ್ನಿಗೆ ಬದಲಾಗುತ್ತವೆ. ಮುಂದೆ ನಾನು ಹೇಳುವುದು 2019ರ ಮೊದಲ ಸೀಸನ್ನಿನ ಲೆಕ್ಕ. ಪ್ರತಿ ಪಾತ್ರದ ತಲೆ ಮೇಲೆ ಎರಡು ಪಟ್ಟಿ ಇರುತ್ತವೆ. ಮೇಲಿನದು ಜೀವ, ಕೆಳಗಿನ ನೀಲಿಯದು ಮನಾ. ಹೊಡೆದಾಗ ಮನಾ ತುಂಬುತ್ತದೆ, ಹೊಡೆಸಿಕೊಂಡಾಗಲೂ ತುಂಬುತ್ತದೆ. ಪೂರ್ತಿ ತುಂಬಿದಾಗ ಆ ಪಾತ್ರ ತನ್ನ ವಿದ್ಯೆ ತೋರಿಸುತ್ತದೆ. ಬೇರೆಯವರಾದರೆ ಒಂದು ಬೆಂಕಿ ಉಂಡೆ ಎಸೆದು ಮತ್ತೆ ಮೊದಲಿಂದ ತುಂಬಿಸಿಕೊಳ್ಳುತ್ತಾರೆ. ವೇಷದವರು ಹಾಗಲ್ಲ. ಅವರು ಬೇರೆಯೇ ಆಗಿಬಿಡುತ್ತಾರೆ. ಮೊದಲ ಸೀಸನ್ನಿನಲ್ಲಿ ಇಂಥ ಮೂರು ಪಾತ್ರ ಮಣೆ ಮೇಲಿದ್ದರೆ ವೇಷ ಬದಲಾದ ಕೂಡಲೇ ಅವರ ಒಟ್ಟು ಜೀವವೇ ಹೆಚ್ಚುತ್ತಿತ್ತು. ಅದೇ ಈ ವರ್ಗದ ಬಲ. ವೇಷ ಬದಲಾಗುವ ತನಕ ಅವರು ಸಾಧಾರಣ ಸಿಪಾಯಿಗಳು, ಕೆಲವರು ಸಾಧಾರಣಕ್ಕಿಂತಲೂ ಕಮ್ಮಿ.

ಮುಂದೆ ನಿಲ್ಲಿಸಿ ಅಂದವರ ಲೆಕ್ಕ ನನಗೆ ಅರ್ಥವಾಗುತ್ತದೆ. ಮುಂದೆ ನಿಂತರೆ ಪೆಟ್ಟು ಜಾಸ್ತಿ ಬೀಳುತ್ತದೆ, ಪೆಟ್ಟು ಬಿದ್ದರೆ ಮನಾ ಬೇಗ ತುಂಬುತ್ತದೆ. ಆದರೆ ನಾಲ್ಕು ಜನ ಒಟ್ಟಿಗೆ ಮೇಲೆ ಬಿದ್ದರೆ ಮನಾ ತುಂಬುವುದಕ್ಕೂ ಮೊದಲೇ ಜೀವ ಹೋಗುತ್ತದೆ. ಹಾಗಂತ ಪೂರ್ತಿ ಹಿಂದೆ ಬಚ್ಚಿಟ್ಟರೂ ಕಷ್ಟ, ಪಟ್ಟಿ ಅರ್ಧ ತುಂಬುವಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಪೆಟ್ಟು ಬೀಳಬೇಕು, ಆದರೆ ತಡೆಯುವಷ್ಟೇ ಬೀಳಬೇಕು. ಅಂಥ ಮನೆ ಯಾವುದು ಅನ್ನುವುದು ಎದುರಾಳಿಯ ಮಣೆ ನೋಡದೆ ಗೊತ್ತಾಗುವುದಿಲ್ಲ. ಪ್ರತಿ ಸುತ್ತಿಗೂ ಹೊಸದಾಗಿ ನೋಡಬೇಕು. ಮರೆತುಬಿಡಿ ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಎಲ್ಲ ವೇಷದವರೂ ಒಂದೇ ಥರ ಅಲ್ಲ ಅನ್ನುವುದನ್ನೂ ಆ ಬರಹ ಬಿಟ್ಟಿತ್ತು. ಶಿವಾನಾಳನ್ನೇ ತೆಗೆದುಕೊಳ್ಳಿ, ಆಗ 3 ನಾಣ್ಯದ ಪಾತ್ರ. ಮನುಷ್ಯ ರೂಪದಲ್ಲಿ ಅವಳು ಹತ್ತಿರ ಹೋಗಿ ಹೊಡೆಯುವವಳು. ಮನಾ ತುಂಬಿದ ಕೂಡಲೇ ವೈರಿಯಿಂದ ಆಚೆ ಹಾರಿ ಡ್ರ್ಯಾಗನ್ ಆಗುತ್ತಾಳೆ, ಅಲ್ಲಿಂದ ಮುಂದೆ ದೂರದಿಂದಲೇ ಬೆಂಕಿ ಉಗುಳುತ್ತಾಳೆ. ಅವಳು ಮುಂದಿನ ಸಾಲಿನಲ್ಲಿ ನಿಲ್ಲಬಹುದು, ನಿಲ್ಲಬೇಕು ಕೂಡ. ಆದರೆ ಅವಳು ಹಾರಿಹೋದ ಮೇಲೆ ಆ ಮನೆ ಖಾಲಿ, ಅಲ್ವಾ? ಅಲ್ಲಿ ತೆರೆದ ಬಾಗಿಲಿನಿಂದ ವೈರಿಗಳು ಒಳಗೆ ನುಗ್ಗುತ್ತಾರೆ. ಅವಳ ಪಕ್ಕದಲ್ಲಿ ಗಟ್ಟಿ ಆಳೊಬ್ಬ ಇರಲೇಬೇಕು. ನಾನು ಬ್ರೌಮ್‌ನನ್ನು ಇಡುತ್ತಿದ್ದೆ. ಬಾಗಿಲ ಹಲಗೆಯಷ್ಟು ದೊಡ್ಡ ಗುರಾಣಿ ಅವನದು.

ನಿಡಾಲಿ ಇದಕ್ಕೆ ಪೂರ್ತಿ ತಿರುಗಮುರುಗ. 1 ನಾಣ್ಯಕ್ಕೆ ಸಿಗುತ್ತಾಳೆ, ದೂರದಿಂದ ಈಟಿ ಎಸೆಯುತ್ತಾಳೆ. ಮನಾ ತುಂಬಿದರೆ ತನಗೂ, ತಂಡದಲ್ಲಿ ಅತಿ ಕಡಿಮೆ ಜೀವ ಉಳಿದವನಿಗೂ ಜೀವ ತುಂಬಿ, ಆಮೇಲೆ ಕಾಡುಬೆಕ್ಕಿನ ರೂಪಕ್ಕೆ ಬರುತ್ತಾಳೆ. ಇವಳನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದರೆ ಜೀವ ತುಂಬುವ ಕೆಲಸ ಆಗುವ ಮೊದಲೇ ಹೋಗುತ್ತಾಳೆ. ನಡು ಸಾಲಿನಲ್ಲಿರಬೇಕು. ಎಲೀಸ್ ಮರಿ ಜೇಡಗಳನ್ನು ಬಿಟ್ಟು ತಾನೂ ಜೇಡವಾಗುತ್ತಾಳೆ. ಆಟದ ಶುರುವಿಗೆ ಒಳ್ಳೆಯದು, ಕೊನೆಗೆ ಅಷ್ಟಕ್ಕಷ್ಟೆ. 4 ನಾಣ್ಯದ ನಾರ್ ನೋಡಲು ಇಷ್ಟೇ ಇಷ್ಟು. ಬೆಳೆದು ನಿಂತನೆಂದರೆ ಎದುರಿನವರನ್ನು ಎತ್ತಿ ಎಸೆಯುತ್ತಾನೆ, ಅವರು ಏಳುವಷ್ಟರಲ್ಲಿ ನಮ್ಮವರಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸ್ವೇನ್ 5 ನಾಣ್ಯದವನು. ಸುತ್ತ ಇರುವವರ ಜೀವವನ್ನೇ ಹೀರಿ ನಿಲ್ಲುತ್ತಾನೆ, ಅವನಿಗೆ ವೈರಿಗಳ ಗುಂಪೇ ಬೇಕು. ಮೂಲೆಗೆ ತಳ್ಳಿದರೆ ಆ 5 ನಾಣ್ಯ ದಂಡ.

ಒಂದು ಪಂದ್ಯದ ವಿಷಯ ಹೇಳುತ್ತೇನೆ. 2019ರ ಮಳೆಗಾಲ. ಉಳಿದವರು ಇಬ್ಬರೇ, ನಾನು ಮತ್ತು ಇನ್ಯಾರೋ ಒಬ್ಬ. ನನ್ನ ಹತ್ತಿರ ಎರಡು ನಕ್ಷತ್ರದ ಶಿವಾನಾ ಇದ್ದಳು. ಅವನ ಮಣೆ ತುಂಬಾ ಡೀಮನ್ ಪಾತ್ರಗಳು. ಈ ಡೀಮನ್‌ಗಳ ಗುಣ ಏನೆಂದರೆ, ಅವರ ಏಟು ಬಿದ್ದರೆ ಕೆಲವು ಸಲ ನಮ್ಮ ಮನಾ ಸುಟ್ಟುಹೋಗುತ್ತದೆ. ವೇಷದವರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಕಾಳಗ ಶುರುವಾಯಿತು. ಶಿವಾನಾಳ ನೀಲಿ ಪಟ್ಟಿ ಮುಕ್ಕಾಲು ಆಯಿತು, ಇನ್ನೊಂದೇ ಏಟು ಬೇಕು ಅನ್ನುವಾಗ ಸರ್ರನೆ ಕೆಳಗಿಳಿಯಿತು. ಮತ್ತೆ ಏರಿತು. ಮತ್ತೆ ಇಳಿಯಿತು. ಹೊಡೆಯುತ್ತಿದ್ದವನು ಹಿಂದೆ ಮೂಲೆಯಲ್ಲಿ ಬಿಲ್ಲು ಹಿಡಿದು ನಿಂತಿದ್ದ ವೇರಸ್. ಅವಳು ಒಮ್ಮೆಯೂ ಡ್ರ್ಯಾಗನ್ ಆಗದೆ ಬಿದ್ದಳು, ಆ ಸುತ್ತು ಸೋತೆ. ನನ್ನ ಕೈ ಬೆವರಿತ್ತು. ಹೊಸ ಪಾತ್ರ ಕೊಳ್ಳಲು ನಾಣ್ಯ ಇರಲಿಲ್ಲ. ಮಾಡಿದ್ದು ಇಷ್ಟೇ, ಶಿವಾನಾಳನ್ನು ಆಚೆ ಪಕ್ಕಕ್ಕೆ ಸರಿಸಿದೆ, ಅವಳಿದ್ದ ಮನೆಗೆ ಬ್ರೌಮ್‌ನನ್ನು ತಂದೆ. ಪಾತ್ರಗಳು ಹತ್ತಿರದವರನ್ನೇ ಮೊದಲು ಹೊಡೆಯುತ್ತವೆ. ವೇರಸ್‌ನ ಬಾಣಗಳೆಲ್ಲ ಬ್ರೌಮ್‌ನ ಪಾಲಾದವು. ಆಚೆ ಪಕ್ಕದಲ್ಲಿ ಶಿವಾನಾಳ ಪಟ್ಟಿ ನಿಧಾನಕ್ಕೆ ತುಂಬಿತು, ಅವಳು ಹಿಂದಕ್ಕೆ ಹಾರಿದಳು, ರೆಕ್ಕೆ ಬಿಚ್ಚಿದಳು. ರೂಮಿನಲ್ಲಿ ಮಲಗಿದ್ದ ಗೆಳೆಯ ನನ್ನ ಕೂಗಿಗೆ ಎದ್ದು ಕೂತ. ಆ ಪಂದ್ಯ ಗೆದ್ದೆ. ಆಗಿನ ಮಣೆಯಲ್ಲಿ ನಮ್ಮ ಪಾಲಿಗೆ ಇದ್ದದ್ದು ಮೂರು ಸಾಲು, ಸಾಲಿಗೆ ಏಳರಂತೆ 21 ಮನೆ. ಅದರಲ್ಲಿ ಜಾಗ ಬದಲಾಗಿದ್ದು ಎರಡೇ ಪಾತ್ರಗಳದು. ಆಡುವವನಿಗೆ ಕೆಲಸ ಇಲ್ಲ ಅನ್ನುವವರಿಗೆ ನಾನು ಯಾವಾಗಲೂ ಇದೇ ಕಥೆ ಹೇಳುವುದು.

ಇದೆಲ್ಲ ಪರದೇಶದ ಆಟ, ನಮಗೇನು ಅಂತ ಕೇಳುವವರೂ ಇದ್ದಾರೆ. ನಮ್ಮ ಶಿರಸಿಯಲ್ಲಿ ಹೋಳಿ ಹಬ್ಬಕ್ಕೆ ಬೇಡರ ವೇಷ ನೋಡಿದವರಿಗೆ ಈ ವರ್ಗ ಒಂದು ಚೂರೂ ಹೊಸತಲ್ಲ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಅಂದರೆ ಎರಡು ವರ್ಷಕ್ಕೊಮ್ಮೆ, ಅದು ನಡೆಯುತ್ತದೆ. ಮಧ್ಯಾಹ್ನದ ತನಕ ಅಂಗಡಿಯಲ್ಲಿ ಕೂತಿದ್ದ ಹುಡುಗ ಬಣ್ಣ ಹಚ್ಚಿ, ಮೀಸೆ ಕಟ್ಟಿ, ಬೆನ್ನಿಗೆ ನವಿಲುಗರಿ ಏರಿಸಿ, ಕತ್ತಿ ಗುರಾಣಿ ಹಿಡಿದು ರಾತ್ರಿ ಬೀದಿಗಿಳಿದರೆ ಅವನು ಅವನಲ್ಲ. ತಮಟೆ ಏರಿದ ಹಾಗೆ ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು ಇರುತ್ತಾರಲ್ಲ, ಒಂದು ವರ್ಷ ನಮ್ಮ ಕೇರಿಯ ವೇಷಕ್ಕೆ ಆ ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಅಂಗೈ ಕೆಂಪಾಗಿ ಎರಡು ದಿನ ಉರಿ. ಎಷ್ಟು ಬಿಡಬೇಕು, ಯಾವಾಗ ಎಳೆಯಬೇಕು ಅಂತ ಯಾರೂ ಹೇಳಿಕೊಡಲಿಲ್ಲ, ಅವನ ಹೆಜ್ಜೆ ನೋಡಿಯೇ ಕಲಿತೆ. ಬಿಗಿ ಹಿಡಿದರೆ ವೇಷ ಕುಣಿಯುವುದಿಲ್ಲ. ಸಡಿಲ ಬಿಟ್ಟರೆ ಜನರ ಮೇಲೆ ಹೋಗಿ ಬೀಳುತ್ತದೆ. ಶಿವಾನಾಳ ಪಕ್ಕ ಬ್ರೌಮ್‌ನನ್ನು ಇಡುವಾಗ ನನಗೆ ಆ ಹಗ್ಗದ ನೆನಪೇ ಬರುತ್ತದೆ.

ಇನ್ನೊಂದು ವಿಷಯ. ನಮ್ಮ ಊರು ಪೇಟೆಯಿಂದ ಸ್ವಲ್ಪ ಒಳಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಬಂದೂಕಿನ ಆಟವಾದರೆ ನೆಟ್ ಹೋದ ಹತ್ತು ಸೆಕೆಂಡಿನಲ್ಲಿ ಕಥೆ ಮುಗಿಯಿತು. ಈ ಆಟದಲ್ಲಿ ಕಾಳಗದ ನಡುವೆ ನೆಟ್ ಹೋದರೂ ನಾವು ನಿಲ್ಲಿಸಿದ ಪಾತ್ರಗಳು ತಮ್ಮ ಪಾಡಿಗೆ ತಾವು ಹೊಡೆದಾಡುತ್ತಿರುತ್ತವೆ. ಮೊಬೈಲಿಗೆ ಇದು 2020ರ ಮಾರ್ಚ್‌ನಲ್ಲಿ ಬಂತು, ಲಾಕ್‌ಡೌನ್ ಶುರುವಾದದ್ದೂ ಅದೇ ತಿಂಗಳು. ಅಕ್ಕನ ಮಗ ಜಗಲಿಯ ಮೂಲೆಯಲ್ಲಿ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಕಂಬಕ್ಕೆ ಒರಗಿ ಕೂತು ಕಲಿತದ್ದು ಹೀಗೆ. ಪಾತ್ರಗಳು ಸೀಸನ್ನಿನಿಂದ ಸೀಸನ್ನಿಗೆ ಬದಲಾಗುತ್ತವೆ, ನಡುವೆ ಕೆಲವು ಸೀಸನ್ ವೇಷದವರೇ ಇರಲಿಲ್ಲ. 2022ರಲ್ಲಿ ಡ್ರ್ಯಾಗನ್‌ಲ್ಯಾಂಡ್ಸ್ ಬಂದಾಗ ನಿಡಾಲಿ, ಎಲೀಸ್, ನಾರ್ ಮತ್ತೆ ಬಂದರು. "ಮಾವ, ನಿನ್ನ ವೇಷದವರು ಬಂದ್ರು" ಅಂತ ಅವನೇ ಫೋನ್ ಮಾಡಿ ಹೇಳಿದ. ಆಗ ಮಣೆ ನಾಲ್ಕು ಸಾಲಿನದಾಗಿತ್ತು, ನನ್ನ ಹಳೆಯ ಜಾಗಗಳು ಸರಿ ಹೊಂದುತ್ತಿರಲಿಲ್ಲ. ಅವನು ನನಗಿಂತ ಬೇಗ ಹೊಸ ಜಾಗ ಹುಡುಕಿದ.

ಅವನಿಗೆ ಇದರಿಂದ ಬಡ್ಡಿ ಲೆಕ್ಕವೂ ಬಂತು. ಕೈಯಲ್ಲಿ 10 ನಾಣ್ಯ ಉಳಿಸಿದರೆ ಮುಂದಿನ ಸುತ್ತಿಗೆ 1 ಬಡ್ಡಿ, 50 ಉಳಿಸಿದರೆ 5, ಅದಕ್ಕಿಂತ ಜಾಸ್ತಿ ಇಲ್ಲ. ನಿಡಾಲಿಯಂಥ ಅಗ್ಗದ ವೇಷದವರಿಂದ ಶುರುವಿನ ಸುತ್ತುಗಳನ್ನು ದಾಟಿಸಿ, ಬಡ್ಡಿ ಕೂಡಿಸಿ, ಆಮೇಲೆ ನಾರ್, ಸ್ವೇನ್ ಕೊಳ್ಳುವುದು ನಮ್ಮ ದಾರಿಯಾಗಿತ್ತು. ಇಲ್ಲಿ ಬರುವ ನಾಣ್ಯ ಪಂದ್ಯದ ಒಳಗಿನದು, ಪಂದ್ಯ ಮುಗಿದರೆ ಅದೂ ಮುಗಿಯಿತು. ಕಂಪನಿಯವರು ದುಡ್ಡಿಗೆ ಮಾರುವುದು ಅಂದಚಂದದ ಸಾಮಾನು, ಅದರಿಂದ ಬಲ ಬರುವುದಿಲ್ಲ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾದ ಮೇಲೆ ನಮ್ಮ ಊರಲ್ಲಿ ಮೊಬೈಲ್ ಹಿಡಿದ ಹುಡುಗರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಬೇರೆ ಇಟ್ಟು ಉತ್ತೇಜನ ಕೊಡಬೇಕು ಅನ್ನುತ್ತದೆ. ಆ ವ್ಯತ್ಯಾಸವನ್ನು ಜನರಿಗೆ ತಿಳಿಸಬಲ್ಲವರು ನಿಮ್ಮಂಥ ಪತ್ರಿಕೆಯವರು.

ಹಾಗಾಗಿ ಕೇಳಿಕೊಳ್ಳುತ್ತೇನೆ, ಯುವ ಪುಟದ ಬರಹವನ್ನು ನಿಲ್ಲಿಸಬೇಡಿ. ಬರೆಯುವವರು ಆಡಿ ನೋಡಿ ಬರೆಯಲಿ, ಚೆಸ್ ಬಗ್ಗೆ ಬರೆಯುವಾಗ ಒಂದೊಂದು ನಡೆಯನ್ನೂ ಬಿಡಿಸಿ ಹೇಳುತ್ತಾರಲ್ಲ, ಹಾಗೆ. ಮಣೆಯ ಚಿತ್ರ ಹಾಕಿ, ಎದುರಾಳಿಯ ಮಣೆಯನ್ನೂ ಪಕ್ಕದಲ್ಲಿ ಹಾಕಿ, ಯಾರು ಯಾಕೆ ಅಲ್ಲಿ ನಿಂತಿದ್ದಾರೆ ಅಂತ ಬರೆಯಿರಿ. ಕನ್ನಡದಲ್ಲಿ ಅದಕ್ಕೆ ಬೇಕಾದ ಮಾತುಗಳು ಆಗಲೇ ಇವೆ. ಮಣೆ, ಮನೆ, ಸುತ್ತು, ವೇಷ, ಇವಿಷ್ಟರಲ್ಲೇ ನಾವು ಮಾವ ಅಳಿಯ ಇಷ್ಟು ವರ್ಷ ಜಗಳ ಆಡಿದ್ದೇವೆ. ಮುಂದಿನ ಸಲ ವೇಷದವರ ಬಗ್ಗೆ ಬರೆಯುವಾಗ ಮನಾ ಸುಡುವ ಎದುರಾಳಿ ಸಿಕ್ಕರೆ ಏನು ಮಾಡಬೇಕು ಅನ್ನುವುದರಿಂದ ಶುರು ಮಾಡಿ. ಹೊಸಬರು ಸೋತು ಬಿಟ್ಟುಬಿಡುವುದು ಅಲ್ಲೇ.

ಇಂತಿ,
ನಿಮ್ಮ ಓದುಗ
ಶಿರಸಿ, ಉತ್ತರ ಕನ್ನಡ