ನೀರು ಹೀರ್ಕೊಳ್ಳೋ ರಸ್ತೆ ಬೇಕು ಸರಿ, ಜಲ್ಲಿ ಕಿತ್ತು ಬರಬಾರ್ದಲ್ವಾ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಇದೇ ಅಂಕಣದಲ್ಲಿ ಓದುಗರೊಬ್ರು ಬೆಂಗಳೂರಿನ ರಸ್ತೆಗಳಿಗೆಲ್ಲ ನೀರು ಹೀರೋ ಡಾಂಬರು ಹಾಕ್ಬಿಟ್ರೆ ಅಂಡರ್‌ಪಾಸ್ ತುಂಬೋ ರಗಳೆನೇ ಇರಲ್ಲ ಅಂತ ಬರೆದಿದ್ರು. ಆಸೆ ಒಳ್ಳೇದೇ. ಆದ್ರೆ ನಾನು 22 ವರ್ಷ ಡಾಂಬರು ಮಿಕ್ಸಿಂಗ್ ಪ್ಲಾಂಟ್‌ಗಳ ಲ್ಯಾಬಲ್ಲಿ ಜಲ್ಲಿ ಜರಡಿ ಹಿಡಿದು ಈಗ ಮನೇಲಿ ಕೂತಿರೋನು, ಸುಮ್ನಿರೋಕೆ ಆಗ್ಲಿಲ್ಲ.

ಪುರಿ ಉಂಡೆ ನೋಡಿರ್ತೀರಲ್ಲ, ಈ ನೀರು ಹೀರೋ ಡಾಂಬರು, ಅಂದ್ರೆ ಪೋರಸ್ ಆಸ್ಫಾಲ್ಟ್, ಅದೇ ಥರ. ಮಾಮೂಲಿ ರಸ್ತೆ ಮಿಕ್ಸಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಡಸ್ಟ್ ಎಲ್ಲ ಇರತ್ತೆ, ಒಳಗೆ ಗಾಳಿ ಜಾಗ ಶೇ 3ರಿಂದ 5 ಅಷ್ಟೇ. ಇದ್ರಲ್ಲಿ ಡಸ್ಟ್ ಹೆಚ್ಚುಕಮ್ಮಿ ತೆಗೆದೇ ಬಿಡ್ತಾರೆ, ಶೇ 18-20ರಷ್ಟು ಜಾಗ ಖಾಲಿ, ನೀರು ಅಲ್ಲೇ ಇಳಿಯೋದು. ಅಂದ್ರೆ ಒಂದು ಕಲ್ಲು ಇನ್ನೊಂದನ್ನ ಹಿಡ್ಕೊಂಡಿರೋದು ಅಲ್ಲಲ್ಲಿ ಮುಟ್ಟಿರೋ ಕಡೆ ಮಾತ್ರ, ನಡುವೆ ಇರೋ ಪಾಕ, ಅಂದ್ರೆ ಡಾಂಬರು, ಕೈ ಕೊಟ್ರೆ ಉಂಡೆ ಉದುರಿ ಹೋಗತ್ತೆ. ಮೇಲಿಂದ ಗಾಳಿ ನೀರು ಎರಡೂ ಒಳಗೇ ಓಡಾಡ್ತಿರೋದ್ರಿಂದ ಡಾಂಬರು ಬೇಗ ಒಣಗಿ ಗಡುಸಾಗತ್ತೆ, ಆಮೇಲೆ ಬಿರುಕು, ಆಮೇಲೆ ಒಂದೊಂದೇ ಜಲ್ಲಿ ಎದ್ದು ಬರೋದು.

ಹಾಗಾಗಿ ಕಲ್ಲಿನ ಮೇಲಿನ ಡಾಂಬರು ಲೇಪ ದಪ್ಪ ಇರಬೇಕು. ಸಾದಾ ಡಾಂಬರನ್ನೇ ಜಾಸ್ತಿ ಹಾಕಿದ್ರೆ ಬಿಸೀಲಿ ಸೋರಿ ಕೆಳಗೆ ನಿಲ್ಲತ್ತೆ. ಒಂದ್ಸಲ ನಾನೇ ಕಣ್ಣಾರೆ ನೋಡಿದೀನಿ, ಯಾವ ಕಂಪನಿ ಅನ್ನೋದು ಬೇಡ, ಒಂದು ಪಾರ್ಕಿಂಗ್ ಜಾಗಕ್ಕೆ ಮಿಕ್ಸ್ ಕಳಿಸಿದ್ರು, ಖರ್ಚು ಉಳಿಸೋಕೆ ಡಾಂಬರು ಸೋರದ ಹಾಗೆ ಹಿಡಿದಿಡೋ ನಾರು ಹಾಕಿರ್ಲಿಲ್ಲ, ಲಾರಿ ಟ್ರಾಫಿಕ್ಕಲ್ಲಿ ಎರಡು ಗಂಟೆ ಸಿಕ್ಕಾಕ್ಕೊಂಡು ಬರೋಷ್ಟರಲ್ಲಿ ತಳದಲ್ಲಿ ಡಾಂಬರು ಕೆರೆ ಥರ ನಿಂತಿತ್ತು, ಮೇಲಿನ ಜಲ್ಲಿ ಎಣ್ಣೆ ಕಾಣದ ತಲೆ ಥರ ಒಣಒಣ. ಹಾಕಿದ್ರು. ಒಂದೇ ಮಳೆಗಾಲ, ಒಂದು ಮೂಲೇಲಿ ಜಿಡ್ಡು, ಇನ್ನೊಂದು ಮೂಲೇಲಿ ಕಾಲಲ್ಲಿ ಒದ್ರೆ ಕಲ್ಲು ಉರುಳೋದು. ತೂಕದಲ್ಲಿ ಶೇ 0.3ರಷ್ಟು ಸೆಲ್ಯುಲೋಸ್ ನಾರು ಸೇರಿಸಿ, ಪಾಲಿಮರ್ ಅಥವಾ ಹಳೇ ಟೈರಿನ ರಬ್ಬರ್ ಪುಡಿ ಬೆರೆಸಿದ ಡಾಂಬರು ಬಳಸಿದ್ರೆ ಇದಾಗಲ್ಲ. ಟನ್ನಿಗೆ 3 ಕೆಜಿ ನಾರು ಸ್ವಾಮಿ, ಅದ್ರಲ್ಲೂ ಉಳಿತಾಯ!

ಇನ್ನೊಂದು, ನಮ್ಮೂರ ಸುತ್ತ ಸಿಗೋದೆಲ್ಲ ಗ್ರಾನೈಟ್ ಜಲ್ಲಿ. ಗಟ್ಟಿ ಏನೋ ಹೌದು, ಆದ್ರೆ ನೀರು ಕಂಡ್ರೆ ಡಾಂಬರನ್ನ ಬಿಟ್ಟುಕೊಡೋ ಗುಣ ಅದಕ್ಕೆ. ಶೇ 1ರಿಂದ 2ರಷ್ಟು ಅರಳಿಸಿದ ಸುಣ್ಣ ಬೆರೆಸಿದ್ರೆ ಹಿಡಿತ ನಿಲ್ಲತ್ತೆ, ಹಳೇ ಉಪಾಯ, ಅಗ್ಗ ಕೂಡ. ನೆದರ್ಲೆಂಡ್ಸ್‌ನೋರು 2010ರಲ್ಲಿ ಎ58 ಹೆದ್ದಾರೀಲಿ ಉಕ್ಕಿನ ನಾರು ಬೆರೆಸಿ, ಸಣ್ಣ ಬಿರುಕು ದೊಡ್ಡದಾಗೋ ಮುಂಚೆ ಕರೆಂಟ್ ಕಾಯಿಲ್‌ನಿಂದ ಬಿಸಿ ಮಾಡಿ ಡಾಂಬರು ತಾನೇ ಕೂಡ್ಕೊಳೋ ಹಾಗೆ ಮಾಡಿದ್ರು. ಖುಷಿ, ಆದ್ರೆ ನಾವು ಮೊದ್ಲು ಸುಣ್ಣ ಹಾಕೋಣ.

ಹಾಕೋವಾಗ್ಲೂ ತಪ್ಪು ಮಾಡೋದು ಸುಲಭ. ಒಳಗೆ ಖಾಲಿ ಜಾಗ ಇರೋದ್ರಿಂದ ಮಿಕ್ಸ್ ಬೇಗ ತಣ್ಣಗಾಗತ್ತೆ, ಟಾರ್ಪಾಲು ಮುಚ್ಚಿ ತಂದು ತಕ್ಷಣ ಹಾಸ್ಬೇಕು. ಉಕ್ಕಿನ ರೋಲರ್ ಸಾಕು, ವೈಬ್ರೇಷನ್ ಹಾಕಿದ್ರೆ ಕಲ್ಲೇ ಪುಡಿಯಾಗಿ ತೂತು ಮುಚ್ಚತ್ತೆ.

ಈಗ ಎಲ್ಲಿ ಹಾಕ್ಬೇಕು ಅನ್ನೋದು, ಇಲ್ಲೇ ಆ ಓದುಗರ ಜೊತೆ ನನ್ನ ಜಗಳ. ನೆದರ್ಲೆಂಡ್ಸ್‌ನಲ್ಲಿ ಹೆದ್ದಾರಿಗಳಿಗೆ ಬಹುತೇಕ ಇದೇ ಡಾಂಬರು, ನೀರು ಎರಚಲ್ಲ, ಟೈರ್ ಸದ್ದು ಕಮ್ಮಿ. ಅಲ್ಲಿ ಗಾಡಿಗಳು ಜೋರಾಗಿ ಓಡೋದ್ರಿಂದ ಟೈರೇ ತೂತಲ್ಲಿರೋ ಕಸ ಎಳೆದು ಹಾಕತ್ತೆ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಜಾಮಲ್ಲಿ ಟೈರು ಒಂದು ಸುತ್ತು ಸುತ್ತಿದ್ರೇ ದೊಡ್ಡದು. ಬಸ್ ಸ್ಟಾಪ್, ಸಿಗ್ನಲ್, ಯು ಟರ್ನ್ ಇಂಥ ಕಡೆ ಭಾರದ ಗಾಡಿ ಬ್ರೇಕ್ ಹಾಕಿ ತಿರುಚಿದ್ರೆ ಪುರಿ ಉಂಡೆ ಗತಿ ಏನು ಹೇಳಿ. ಅದೂ ಅಲ್ದೆ ಕೇಬಲ್‌ಗೆ ಅಂತ ವರ್ಷಕ್ಕೆ ಎರಡು ಸಲ ಅಗೆದು ಮಾಮೂಲಿ ಮಿಕ್ಸಲ್ಲಿ ತೇಪೆ ಹಾಕಿದ್ರೆ ಒಳಗೆ ಹರಿಯೋ ನೀರಿಗೆ ಅದೇ ಅಣೆಕಟ್ಟು.

ಪಾರ್ಕಿಂಗ್ ಜಾಗ, ಪಾರ್ಕ್ ಒಳಗಿನ ದಾರಿ, ಅಪಾರ್ಟ್‌ಮೆಂಟ್ ಅಂಗಳ, ಇಂಥ ಕಡೆ ಹಾಕ್ಲಿ, ಕೆಳಗೆ ಒಂದೇ ಸೈಜಿನ ಜಲ್ಲಿ ಹಾಸಿಗೆ ಮಾಡ್ಲಿ. ಒಂದಡಿ ಅಂದ್ರೆ 300 ಮಿಲಿಮೀಟರ್ ಹಾಸಿಗೇಲಿ ಶೇ 40 ಖಾಲಿ ಇದ್ರೆ 120 ಮಿಲಿಮೀಟರ್ ಮಳೆ ಅಲ್ಲೇ ಹಿಡಿಯತ್ತೆ, ನಿಧಾನಕ್ಕೆ ಮಣ್ಣಿಗೆ ಇಳಿಯತ್ತೆ. ಹತ್ತು ಸಾವಿರ ಚದರಡಿ ಜಾಗದ ಮೇಲೆ 50 ಮಿಲಿಮೀಟರ್ ಬಿದ್ರೆ ಸುಮಾರು 46 ಸಾವಿರ ಲೀಟರ್ ನೀರು, ಅಷ್ಟೂ ಅಲ್ಲೇ ಉಳಿಯತ್ತೆ, ಚರಂಡಿಗೆ ಹೋಗಲ್ಲ. ಆದ್ರೆ ಅದ್ರ ಮೇಲೆ ಎಂ-ಸ್ಯಾಂಡ್ ಲೋಡ್ ಇಳಿಸ್ಬಾರ್ದು, ಚರಂಡಿ ಹೂಳು ಎತ್ತಿ ಗುಡ್ಡೆ ಹಾಕ್ಬಾರ್ದು, ಮಳೆಗಾಲಕ್ಕೆ ಮುಂಚೆ ಒಂದ್ಸಲ ವ್ಯಾಕ್ಯೂಮ್ ಹಾಕಿ ಧೂಳು ಎಳೆಸ್ಬೇಕು.

ಕೊನೇದಾಗಿ, ಇಂಥ ಕೆಲ್ಸದ ಟೆಂಡರಲ್ಲಿ ಮಿಕ್ಸಿಂದ ಜಲ್ಲಿ ಎಷ್ಟು ಉದುರತ್ತೆ ಅಂತ ನೋಡೋ ಕ್ಯಾಂಟಾಬ್ರೊ ಟೆಸ್ಟ್ ಫಲಿತಾಂಶ ಕೇಳ್ಲಿ. ಏನಿಲ್ಲ, ಮಿಕ್ಸನ್ನ ಒತ್ತಿ ಮಾಡಿದ ಗಟ್ಟಿಯನ್ನ ಲಾಸ್ ಏಂಜಲೀಸ್ ಡ್ರಮ್ ಅನ್ನೋ ತಿರುಗೋ ಉಕ್ಕಿನ ಪೀಪಾಯಿಗೆ ಉಕ್ಕಿನ ಗುಂಡಿಲ್ಲದೆ ಹಾಕಿ 300 ಸುತ್ತು ತಿರುಗಿಸೋದು, ಶೇ 20ಕ್ಕಿಂತ ಜಾಸ್ತಿ ಉದುರಿದ್ರೆ ವಾಪಸ್ ಕಳಿಸೋದು. ಆ ಡ್ರಮ್ ಜಲ್ಲಿ ಟೆಸ್ಟಿಗೆ ಅಂತ ಹೆಚ್ಚಿನ ರಸ್ತೆ ಲ್ಯಾಬಲ್ಲಿ ಈಗಾಗ್ಲೇ ಇರತ್ತೆ, ಹೊಸ ಮೆಷಿನ್ ತರೋ ನೆಪಾನೂ ಬೇಕಿಲ್ಲ.

– ಒಬ್ಬ ಓದುಗ, ನಾಗರಭಾವಿ, ಬೆಂಗಳೂರು