ತಮ್ಮದೇ ಹೆಸರಿನ ನಕಲಿ ಇಮೇಲ್ ಇನ್‌ಬಾಕ್ಸ್‌ಗೆ ತಲುಪುತ್ತಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ, ಇಮೇಲ್ ಸೇವೆ

ವಿಷಯ: ತಪಾಸಣೆಯಲ್ಲಿ ನಕಲಿ ಎಂದು ಗೊತ್ತಾದ ಪತ್ರಗಳನ್ನು ತಡೆಯದೆ ಚಂದಾದಾರರಿಗೆ ತಲುಪಿಸುತ್ತಿರುವುದು

ಮಾನ್ಯರೇ,

ನಾನು ಮತ್ತು ನನ್ನ ತಾಯಿಯವರು ಬಹುಕಾಲದಿಂದ ತಮ್ಮ ಇಮೇಲ್ ಸೇವೆಯ ಚಂದಾದಾರರು. ಇತ್ತೀಚೆಗೆ ನಮ್ಮಿಬ್ಬರ ಖಾತೆಗಳಿಗೂ ತಮ್ಮ ಸಂಸ್ಥೆಯ ಹೆಸರು ಮತ್ತು ಲಾಂಛನ ಹೊತ್ತು, ತಮ್ಮದೇ ವಿಳಾಸದಿಂದ ಬಂದಂತೆ ಕಾಣುವ ಒಂದು ಪತ್ರ ಬಂದಿತು. ಮೇಲ್‌ಬಾಕ್ಸ್ ತುಂಬಿದೆ, ಕೂಡಲೇ ಲಾಗಿನ್ ಆಗಿ ದೃಢಪಡಿಸದಿದ್ದರೆ ಖಾತೆಯನ್ನು ಮುಚ್ಚಲಾಗುವುದು ಎಂದು ಅದರಲ್ಲಿತ್ತು. ಜೊತೆಗೆ ಪಾಸ್‌ವರ್ಡ್ ಹಾಕಿ ಮುಚ್ಚಿದ ಒಂದು ಜಿಪ್ ಫೈಲ್ ಇತ್ತು. ಅದನ್ನು ತೆರೆಯುವ ಪಾಸ್‌ವರ್ಡನ್ನು ಪತ್ರದಲ್ಲಿಯೇ ಬರೆಯಲಾಗಿತ್ತು. ನಾವು ಏನನ್ನೂ ಒತ್ತಲಿಲ್ಲ, ಏನನ್ನೂ ತೆರೆಯಲಿಲ್ಲ. ಆದರೆ ಈ ದೂರು ಬರೆಯಲು ಕಾರಣ ಆ ಪತ್ರ ಬಂದದ್ದಷ್ಟೇ ಅಲ್ಲ.

ಪತ್ರದ ಮೂಲರೂಪವನ್ನು ತೆರೆದು ಹೆಡರ್ (ಪತ್ರ ಎಲ್ಲಿಂದ ಹೇಗೆ ಬಂತೆಂದು ದಾಖಲಾಗುವ ಭಾಗ) ಓದಿದಾಗ, ತಮ್ಮ ಸರ್ವರ್ ಅದನ್ನು ಬರಮಾಡಿಕೊಳ್ಳುವಾಗ ತಾನೇ ದಾಖಲಿಸಿದ ತಪಾಸಣೆಯ ಫಲಿತಾಂಶ ಅಲ್ಲಿ ಕಂಡಿತು: ಎಸ್‌ಪಿಎಫ್ ವಿಫಲ, ಡಿಕೆಐಎಂ ಸಹಿ ಇಲ್ಲ, ಇವೆರಡನ್ನೂ ಆಧರಿಸಿ ಕಳಿಸಿದವರ ವಿಳಾಸ ನಿಜವೇ ಎಂದು ನೋಡುವ ಡಿಮಾರ್ಕ್ ವಿಫಲ. ಅಂದರೆ, ಪತ್ರ ಕಳಿಸಿದ ಯಂತ್ರಕ್ಕೆ ತಮ್ಮ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗ) ಹೆಸರಿನಲ್ಲಿ ಪತ್ರ ಕಳಿಸುವ ಅಧಿಕಾರವಿಲ್ಲವೆಂಬುದೂ, ತಮ್ಮ ಡಿಜಿಟಲ್ ಸಹಿ ಅದರ ಮೇಲಿಲ್ಲವೆಂಬುದೂ ತಮ್ಮ ಸರ್ವರ್‌ಗೆ ಆ ಕ್ಷಣದಲ್ಲಿಯೇ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಸ್ಪ್ಯಾಮ್ ಫೋಲ್ಡರ್‌ಗೂ ಹಾಕದೆ, ಒಂದು ಎಚ್ಚರಿಕೆಯ ಸಾಲನ್ನೂ ಮೇಲೆ ತೋರಿಸದೆ ಇನ್‌ಬಾಕ್ಸ್‌ಗೆ ತಲುಪಿಸಲಾಗಿದೆ. ಕಾವಲುಗಾರನು ಕಳ್ಳನ ಗುರುತನ್ನು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ತಾನೇ ಬಾಗಿಲು ತೆರೆದು ಒಳಗೆ ಬಿಟ್ಟಂತೆ ಇದು.

ಇದಕ್ಕೆ ಕಾರಣವೂ ಬಹಿರಂಗವಾಗಿಯೇ ಇದೆ. ಡಿಮಾರ್ಕ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಡೊಮೇನ್‌ನ ಒಡೆಯರು, ತಮ್ಮ ಹೆಸರಿನ ನಕಲಿ ಪತ್ರ ಸಿಕ್ಕರೆ ಏನು ಮಾಡಬೇಕೆಂದು ಡಿಎನ್‌ಎಸ್ (ಡೊಮೇನ್ ಹೆಸರುಗಳ ಸಾರ್ವಜನಿಕ ಕೋಶ) ದಾಖಲೆಯಲ್ಲಿ ಪ್ರಕಟಿಸಬಹುದು: ಏನೂ ಮಾಡದೆ ವರದಿಯನ್ನಷ್ಟೇ ಕಳಿಸಿ, ಬೇರ್ಪಡಿಸಿ ಇಡಿ, ಅಥವಾ ತಿರಸ್ಕರಿಸಿ. ಯಾರು ಬೇಕಾದರೂ ನೋಡಬಹುದಾದ ತಮ್ಮ ದಾಖಲೆಯಲ್ಲಿ ಇರುವುದು ಮೊದಲನೆಯದು. ಇದು ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವಾಗ ಪರೀಕ್ಷೆಗಾಗಿ ಇಟ್ಟುಕೊಳ್ಳುವ ಹಂತವೇ ಹೊರತು ಕಾಯಂ ನೀತಿಯಲ್ಲ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು 1982ರಲ್ಲಿ ರೂಪಿಸಿದಾಗ ಕಳಿಸುವವರ ವಿಳಾಸ ನಿಜವೇ ಎಂದು ನೋಡುವ ಏರ್ಪಾಡು ಇರಲಿಲ್ಲ. ಆ ಕೊರತೆಯನ್ನು ತುಂಬಲೆಂದೇ ಬಂದ ಡಿಮಾರ್ಕ್‌ನ ವಿವರಣೆ 2015ರಲ್ಲಿಯೇ ಪ್ರಕಟವಾಗಿದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಈ ಮೂರೂ ಏರ್ಪಾಡುಗಳನ್ನು ಕಡ್ಡಾಯಗೊಳಿಸಿವೆ. ಇಷ್ಟಾದ ಮೇಲೂ ಇಮೇಲ್ ಸೇವೆಯನ್ನೇ ನೀಡುವ ಸಂಸ್ಥೆಯೊಂದು ಪರೀಕ್ಷೆಯ ಹಂತದಲ್ಲಿಯೇ ನಿಂತಿರುವುದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಮೊದಲು ದೂರಿದಾಗ ತಮ್ಮ ಸಹಾಯ ವಿಭಾಗದಿಂದ ಬಂದ ಉತ್ತರ ನನಗೆ ನಿಜಕ್ಕೂ ನೋವುಂಟುಮಾಡಿತು. ಅಪರಿಚಿತರ ಪತ್ರ ತೆರೆಯಬೇಡಿ, ಕಂಪ್ಯೂಟರ್‌ಗೆ ಆ್ಯಂಟಿವೈರಸ್ ಹಾಕಿಸಿಕೊಳ್ಳಿ ಎಂಬುದು ಆ ಉತ್ತರದ ಸಾರಾಂಶ. ನಮ್ಮ ಮನೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಬ್ರೌಸರ್ ತಾವಾಗಿಯೇ ಅಪ್‌ಡೇಟ್ ಆಗುತ್ತವೆ, ಖಾತೆಗಳಿಗೆ ಎರಡು ಹಂತದ ದೃಢೀಕರಣವಿದೆ, ಜಾಲತಾಣಗಳಲ್ಲಿ ನೋಂದಾಯಿಸಲು ಬೇರೆಯೇ ವಿಳಾಸವಿದೆ. ಆದರೆ ಆ ಪತ್ರ ಅಪರಿಚಿತರ ಹೆಸರಿನಲ್ಲಿ ಬಂದಿರಲಿಲ್ಲ, ತಮ್ಮ ಹೆಸರಿನಲ್ಲಿ ಬಂದಿತ್ತು. ಪಾಸ್‌ವರ್ಡ್ ಕದಿಯುವ ನಕಲಿ ಲಾಗಿನ್ ಪುಟದಲ್ಲಿ ಆ್ಯಂಟಿವೈರಸ್ ಹಿಡಿಯಬಹುದಾದ ವೈರಸ್ ಇರಬೇಕೆಂದೇನೂ ಇಲ್ಲ. ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗೆ ಏನಿದೆ ಎಂಬುದು, ಬಳಕೆದಾರರು ಅದನ್ನು ಬಿಚ್ಚುವವರೆಗೆ ಆ್ಯಂಟಿವೈರಸ್‌ಗೂ ಕಾಣುವುದಿಲ್ಲ. ಕಳಿಸಿದ ಯಂತ್ರ ಯಾವುದು, ಅದೇ ಪತ್ರ ಇನ್ನೆಷ್ಟು ಖಾತೆಗಳಿಗೆ ಹೋಗುತ್ತಿದೆ ಎಂಬುದನ್ನು ಕಂಡು ತಡೆಯಬಲ್ಲವರು ತಾವು ಮಾತ್ರ.

ಮನೆಯವರು ಎಚ್ಚರ ವಹಿಸುವುದಕ್ಕೂ ತಮ್ಮ ಮೊಬೈಲ್ ಆ್ಯಪ್ ಅಡ್ಡಿಯಾಗಿದೆ. ಅದು ಕಳಿಸಿದವರ ಹೆಸರನ್ನಷ್ಟೇ ತೋರಿಸಿ ಪೂರ್ಣ ವಿಳಾಸವನ್ನು ಮರೆಮಾಡುತ್ತದೆ. ಫೈಲ್ ಹೆಸರು ಉದ್ದವಾಗಿದ್ದರೆ ಕೊನೆಯ ಅಕ್ಷರಗಳನ್ನು, ಅಂದರೆ ಅದು ಯಾವ ಬಗೆಯ ಫೈಲ್ ಎಂದು ತಿಳಿಸುವ ಭಾಗವನ್ನೇ, ಕತ್ತರಿಸುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಾನಿ ಮಾಡಿದ 'ಐ ಲವ್ ಯೂ' ವೈರಸ್ ಹರಡಲು ನೆರವಾದದ್ದು ಇಂಥದೇ ಮರೆ: ವಿಂಡೋಸ್ ಫೈಲಿನ ಬಗೆ ತಿಳಿಸುವ ಕೊನೆಯ ವಿಸ್ತರಣೆಯನ್ನು ಮುಚ್ಚಿಡುತ್ತಿದ್ದುದರಿಂದ, ಚಾಲನೆಗೊಳ್ಳುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಸಾಧಾರಣ ಪಠ್ಯದ ಫೈಲಿನಂತೆ ಕಾಣುತ್ತಿತ್ತು. ಇದಲ್ಲದೆ ಪತ್ರದೊಳಗಿನ ಹೊರಗಿನ ಚಿತ್ರಗಳನ್ನು ಆ್ಯಪ್ ಕೇಳದೆಯೇ ತರಿಸಿಕೊಳ್ಳುವುದರಿಂದ, ಈ ವಿಳಾಸ ಬಳಕೆಯಲ್ಲಿದೆ ಎಂಬ ಸುಳಿವು ಸ್ಪ್ಯಾಮ್ ಕಳಿಸುವವರಿಗೆ ಸಿಗುತ್ತದೆ. ಅದನ್ನು ನಿಲ್ಲಿಸುವ ಆಯ್ಕೆ ಆ್ಯಪ್‌ನಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ, ತಮ್ಮ ಡೊಮೇನ್‌ನ ಡಿಮಾರ್ಕ್ ನೀತಿಯನ್ನು ಹಂತಹಂತವಾಗಿ 'ತಿರಸ್ಕರಿಸಿ' ಎಂಬಲ್ಲಿಗೆ ಒಯ್ಯಬೇಕೆಂದೂ, ಅಲ್ಲಿಯವರೆಗೆ ತಮ್ಮ ಹೆಸರಿನಲ್ಲಿ ಬಂದು ತಪಾಸಣೆಯಲ್ಲಿ ವಿಫಲವಾದ ಪತ್ರಗಳು ಇನ್‌ಬಾಕ್ಸ್‌ಗೆ ಬಾರದಂತೆ ತಡೆಯಬೇಕೆಂದೂ ಕೋರುತ್ತೇನೆ. ತೆರೆದು ಪರೀಕ್ಷಿಸಲಾಗದ ಲಗತ್ತುಗಳ ಮೇಲೆ ಎದ್ದು ಕಾಣುವ ಎಚ್ಚರಿಕೆ ಇರಲಿ. ಆ್ಯಪ್‌ನ ಮೇಲಿನ ಮೂರು ದೋಷಗಳನ್ನು ಯಾವಾಗ ಸರಿಪಡಿಸುವಿರಿ ಎಂಬುದನ್ನು ದಿನಾಂಕ ಸಹಿತ ಲಿಖಿತವಾಗಿ ತಿಳಿಸಿ. ಅದೇ ಪತ್ರ ತಲುಪಿರುವ ಇತರ ಚಂದಾದಾರರಿಗೂ ತಾವೇ ಸೂಚನೆ ಕಳಿಸುವುದು ತುರ್ತಿನ ಕೆಲಸ. ಅವರಲ್ಲಿ ಕೆಲವರು ಈಗಾಗಲೇ ಪಾಸ್‌ವರ್ಡ್ ಕೊಟ್ಟಿರಬಹುದು.

ನಕಲಿ ಪತ್ರದ ಪೂರ್ಣ ಹೆಡರನ್ನು ಪಠ್ಯರೂಪದಲ್ಲಿ ಇದರೊಂದಿಗೆ ಲಗತ್ತಿಸಿದ್ದೇನೆ. ಜಿಪ್ ಫೈಲನ್ನು ಬೇಕೆಂದೇ ಕಳಿಸಿಲ್ಲ. ಮೂಲ ಪತ್ರ ನನ್ನ ಖಾತೆಯಲ್ಲಿ ಹಾಗೆಯೇ ಇದ್ದು, ತಮ್ಮ ತಾಂತ್ರಿಕ ಸಿಬ್ಬಂದಿಗೆ ಬೇಕಾದಲ್ಲಿ ಪರಿಶೀಲನೆಗೆ ಒಪ್ಪಿಗೆ ನೀಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಸೇವೆಯ ಚಂದಾದಾರ