ಎಲೆ ಬಿಟ್ಟು ಎದ್ದು ಹೋದ ಮಗಳಿಗೆ

ಪ್ರೀತಿಯ ಮಗಳೇ,

ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಹತ್ತಿರ ಮಾತಾಡುತ್ತಾ ಇರುತ್ತೀಯ, ಪಕ್ಕದಲ್ಲಿ ನಾನಿದ್ದೇನೆ ಅಂತ ಗೊತ್ತಾದ ಕೂಡಲೇ ಮೀಟಿಂಗ್ ಶುರುವಾಯ್ತು ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಾವನ ಮಗಳ ನಿಶ್ಚಿತಾರ್ಥಕ್ಕೆ ಬರುವುದಿಲ್ಲ ಅಂದೆಯಂತೆ. ಮನೆಯವರ ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಹೋಗಿದ್ದೀಯ. ಚೌತಿ ಊಟದಲ್ಲಿ ಮಾವ ಭಯ್ಯಾಗಳನ್ನು, ಅಂದರೆ ಉತ್ತರದ ಕಡೆಯಿಂದ ದುಡಿಯಲು ಬಂದವರನ್ನು, ಮುಂಬಯಿಯಿಂದ ಓಡಿಸಬೇಕು ಅಂದದ್ದು, ನೀನು ಎದುರಾಡಿ ಎಲೆ ಬಿಟ್ಟು ಎದ್ದದ್ದು, ಇದನ್ನೆಲ್ಲ ಮತ್ತೆ ಬಿಡಿಸಿ ಬರೆಯುವುದಿಲ್ಲ. ನಾವಿಬ್ಬರೂ ಅಲ್ಲೇ ಇದ್ದೆವು.

ನೀನು ಎತ್ತಿದ ವಿಷಯ ಸರಿಯಾಗಿತ್ತು. ಇದನ್ನು ಆವತ್ತೇ ಎಲ್ಲರೆದುರು ಹೇಳಬೇಕಿತ್ತು. ನಾನು ಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಸುಮ್ಮನಿದ್ದೆ. ಕ್ಷಮಿಸು ಮಗಾ.

‘ಅಜ್ಜಯ್ಯನ ಹೋಟೆಲಿಗೆ ಕಲ್ಲು ಹೊಡೆದವರು ಆಡಿದ ಮಾತನ್ನೇ ಈಗ ನೀವು ಭಯ್ಯಾಗಳಿಗೆ ಆಡ್ತಿದ್ದೀರಲ್ಲ ಮಾವ, ನಿಮ್ಮ ಹೋಟೆಲಲ್ಲಿ ದೋಸೆ ಹೊಯ್ಯುವವನು ಎಲ್ಲಿಯವನು?’ ಅಂದೆ ನೋಡು, ನನಗೆ ಒಳಗೊಳಗೇ ಹೆಮ್ಮೆಯಾಯ್ತು. ಗಲ್ಲಾದಲ್ಲಿ ಕೂತು ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಇಟ್ಟುಕೊಂಡ ಮಾತು ಅದು. ಹೊರಗೆ ಉಡುಪಿ ಹೋಟೆಲ್ ಅಂತ ಬೋರ್ಡು. ಒಳಗೆ ಕಾವಲಿಯ ಮುಂದೆ ಒಡಿಶಾದ ಹುಡುಗ, ಮೋರಿ ಹತ್ತಿರ ಬಿಹಾರದವನು. ಟೇಬಲ್ ಒರೆಸಲಿಕ್ಕೆ ಈಗ ನಮ್ಮ ಕುಂದಾಪುರ ಕಡೆಯ ಮಾಣಿಗಳು ಯಾರು ಬರುತ್ತಾರೆ?

ಮರಾಠಿಗರು ತಮ್ಮ ಭಾಷೆ ಕೇಳುವುದು ತಪ್ಪಲ್ಲ. 2025ರಲ್ಲಿ ಒಂದನೇ ಕ್ಲಾಸಿನಿಂದಲೇ ಹಿಂದಿ ಅನ್ನುವ ಆದೇಶ ಬಂದಾಗ ಅವರಿಗೆ ಸಿಟ್ಟು ಬಂತು, ಜೂನ್ ಕೊನೆಗೆ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಅವರ ಜಾಗದಲ್ಲಿ ನಾನಿದ್ದರೂ ಸಿಟ್ಟು ಮಾಡುತ್ತಿದ್ದೆ. ಬೆಂಗಳೂರಿಗೆ ಹೋದಾಗ ಹತ್ತು ವರ್ಷದಿಂದ ಇದ್ದೂ ಕನ್ನಡದಲ್ಲಿ ಒಂದು ಮಾತು ಬಾರದವರನ್ನು ಕಂಡರೆ ನನಗೂ ಉರಿಯುತ್ತದೆ. ಆದರೆ ಭಾಷೆ ಕಲಿಯಪ್ಪಾ ಅನ್ನುವುದು ಬೇರೆ, ಅಂಗಡಿಗೆ ನುಗ್ಗಿ ಬಡವನ ಕೆನ್ನೆಗೆ ಹೊಡೆಯುವುದು ಬೇರೆ. ಮಾವ ಆ ಎರಡನೆಯದನ್ನು ಮೆಚ್ಚಿಕೊಂಡು ಮಾತಾಡಿದರು. ನಿನಗೆ ತಡೆಯಲಿಲ್ಲ. ಅಲ್ಲಿಯವರೆಗೆ ನನ್ನ ತಕರಾರಿಲ್ಲ.

ಆಮೇಲೆ ನೀನು ಕೇಳಿದೆಯಲ್ಲ, ‘ನೀವು ಓದಿದ್ದಾದರೂ ಎಷ್ಟು ಮಾವ?’ ಅಂತ. ನನ್ನ ತಕರಾರು ಅದೊಂದಕ್ಕೇ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅವರ ಸಿಟ್ಟು ಮೊದಲು ತಿರುಗಿದ್ದು ದಕ್ಷಿಣದವರ ಮೇಲೆ. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಅಂತ ಕೂಗುತ್ತಿದ್ದರು. 1967ರಲ್ಲಿ ಎರಡು ರಾಜ್ಯಗಳ ಗಡಿ ಜಗಳದ ಬಗ್ಗೆ ಮಹಾಜನ ವರದಿ ಬಂತು, ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಅಂತ ಹೇಳಿತು. 1969ರ ಫೆಬ್ರವರಿಯಲ್ಲಿ ಗಡಿ ವಿಷಯಕ್ಕೆ ಮುಂಬಯಿ ಹೊತ್ತಿ ಉರಿಯಿತು. ನಮ್ಮವರ ಹೋಟೆಲುಗಳನ್ನು ಹುಡುಕಿ ಹುಡುಕಿ ಕಲ್ಲು ಹೊಡೆದರು. ಅಜ್ಜಯ್ಯನ ಹೋಟೆಲಿಗೆ ಕಲ್ಲು ಬಿದ್ದ ಕತೆ ನಿನಗೆ ಗೊತ್ತು. ಆ ದಿನ ಟೇಬಲ್ ಕೆಳಗೆ ಅಡಗಿ ಕೂತ ಮಗು ಯಾರು ಅಂತ ಗೊತ್ತಾ? ಮಾವ. ಆಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ಗಾಜು, ಕುರ್ಚಿ, ಕಪಾಟು ಎಲ್ಲ ಹೋದ ಮೇಲೆ ಅಜ್ಜಯ್ಯ ಸಾಲ ಮಾಡಿ ಮತ್ತೆ ಬಾಗಿಲು ತೆರೆದರು. ಸಂಬಳ ಕೊಟ್ಟು ಜನ ಇಡುವ ಶಕ್ತಿ ಇರಲಿಲ್ಲ. 7ನೇ ಕ್ಲಾಸಿಗೆ ಮಾವನ ಶಾಲೆ ಬಿಡಿಸಿ ಗಲ್ಲಾದ ಪಕ್ಕ ನಿಲ್ಲಿಸಿದರು. ಅವರು ಇದನ್ನು ಯಾರ ಹತ್ತಿರವೂ ಹೇಳುವುದಿಲ್ಲ. ಅಮ್ಮನೂ ಹೇಳುವುದಿಲ್ಲ.

ನಾನು ಇದರ ಬಗ್ಗೆ ತುಂಬ ಯೋಚನೆ ಮಾಡಿದ್ದೇನೆ. ಆ ಕಲ್ಲಿನಿಂದ ನೀನು ಕಲಿತದ್ದು, ಯಾರಿಗೂ ಕಲ್ಲು ಹೊಡೆಯಬಾರದು ಅಂತ. ಮಾವ ಕಲಿತದ್ದು, ಇನ್ನು ಮುಂದೆ ಕಲ್ಲು ಹೊಡೆಯುವವರ ಪಕ್ಕದಲ್ಲೇ ನಿಂತಿರಬೇಕು ಅಂತ. ನೀನು ಕತೆ ಕೇಳಿದವಳು, ಅವರು ಟೇಬಲ್ ಕೆಳಗೆ ಕೂತವರು. ಅವರ ಮಾತು ಸರಿ ಅಂತ ನಾನು ಹೇಳುತ್ತಿಲ್ಲ. ಅದು ಹೆದರಿಕೆಯಿಂದ ಬರುವ ಮಾತು ಅಂತ ಹೇಳುತ್ತಿದ್ದೇನೆ. ಹೆದರಿದವರ ಹತ್ತಿರ ಓದಿನ ಲೆಕ್ಕ ಕೇಳಿದರೆ ಅವರು ಇನ್ನೂ ಒಳಗೆ ಸರಿದುಕೊಳ್ಳುತ್ತಾರೆ ಅಷ್ಟೆ.

ಇಲ್ಲಿ ನನಗೆ ಲಾಲ್‌ಬಾಗ್‌ನ ಆ ಇಬ್ಬರು ನೆನಪಾಗುತ್ತಾರೆ. ಇವರ ಕತೆ ನಿನಗೆ ಹೇಳಿದ್ದೇನೋ ಇಲ್ಲವೋ. ಹೇಳಿದ್ದರೂ ಇನ್ನೊಮ್ಮೆ ಓದು.

ನಾನು 1981ರಲ್ಲಿ, 14ನೇ ವಯಸ್ಸಿಗೆ ಮುಂಬಯಿಗೆ ಬಂದು ಸೇರಿದ್ದು ಲಾಲ್‌ಬಾಗ್‌ನ ಒಂದು ಸಣ್ಣ ಹೋಟೆಲಿಗೆ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡದ ರಾತ್ರಿ ಶಾಲೆ. ಬರುವವರೆಲ್ಲ ಬಟ್ಟೆ ಗಿರಣಿ ಕೆಲಸದವರು. ಅವರಲ್ಲಿ ಇಬ್ಬರು ದೋಸ್ತರಿದ್ದರು. ಒಬ್ಬ ರತ್ನಾಗಿರಿಯವನು, ಇನ್ನೊಬ್ಬ ಸಾತಾರೆಯವನು. ಒಂದೇ ಗಿರಣಿ, ಒಂದೇ ಪಾಳಿ. ಪಾಳಿ ಬಿಟ್ಟು ಬಂದರೆ ಅವರ ಬಟ್ಟೆ, ಕೂದಲು, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ‘ಏ ಬಾರಕ್ಯಾ, ಒಂದು ಚಾ, ಎರಡು ಗ್ಲಾಸು’ ಅಂತ ನನ್ನನ್ನು ಕೂಗುತ್ತಿದ್ದರು. ಸಾತಾರೆಯವನು ಹೊಯ್ಯುವುದು, ರತ್ನಾಗಿರಿಯವನು ಗ್ಲಾಸನ್ನು ಬೆಳಕಿಗೆ ಎತ್ತಿ ನಿನಗೆ ಜಾಸ್ತಿ ಬಂತು, ನನಗೆ ಕಡಿಮೆ ಬಂತು ಅನ್ನುವುದು. ದುಡ್ಡು ಒಂದು ದಿನ ಇವನು, ಒಂದು ದಿನ ಅವನು.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯ್ತು. ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಪಗಾರ, ಬೋನಸ್ ಮಾತ್ರ ಅಲ್ಲ, ತಮ್ಮ ಪರವಾಗಿ ಯಾವ ಸಂಘ ಮಾತಾಡಬೇಕು ಅನ್ನುವುದೇ ದೊಡ್ಡ ಜಗಳವಾಗಿತ್ತು. 1946ರ ಒಂದು ಕಾಯ್ದೆಯ ಪ್ರಕಾರ ಸರ್ಕಾರ ಮಾನ್ಯ ಮಾಡಿದ ಸಂಘ ಒಂದೇ, ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ರತ್ನಾಗಿರಿಯವನು ಸಾಮಂತರ ಕಡೆ. ಸಾತಾರೆಯವನು ಹಳೇ ಸಂಘದ ಕಡೆ. ದಿನಾ ಜಗಳ. ಮಾಲೀಕರ ನಾಯಿ ಅಂತ ಇವನು, ಮನೆ ಮುಳುಗಿಸುವ ಮೂರ್ಖ ಅಂತ ಅವನು. ಟೇಬಲ್ ಗುದ್ದಿ ಗುದ್ದಿ ಮಾತಾಡುತ್ತಿದ್ದರು. ಆದರೂ ಚಾ ಒಂದೇ, ಗ್ಲಾಸು ಎರಡು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ಇವರು ಹೊಡೆದಾಡಿಕೊಂಡೇ ಬಿಡುತ್ತಾರೆ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬೀಡಿ ಹಂಚಿಕೊಂಡು ಎದ್ದು ಹೋಗುತ್ತಿದ್ದರು.

ಮಳೆಗಾಲ ಹೊತ್ತಿಗೆ ಕೈಯಲ್ಲಿ ದುಡ್ಡು ಖಾಲಿ. ರತ್ನಾಗಿರಿಯವನ ಹೆಂಡತಿ ನಾಲ್ಕು ಜನಕ್ಕೆ ಊಟ ಬೇಯಿಸಿ ಹಾಕುವುದು ಶುರು ಮಾಡಿದ್ದಳು. ಒಂದು ದಿನ ಮಾತಿಗೆ ಮಾತು ಬೆಳೆದಾಗ ಸಾತಾರೆಯವನು ಅಂದುಬಿಟ್ಟ, ‘ಹೆಂಡತಿ ಕಂಡವರಿಗೆಲ್ಲ ಅನ್ನ ಬೇಯಿಸ್ತಾಳೆ, ನೀನು ಕೂತು ತಿಂದು ಭಾಷಣ ಬಿಗೀತೀಯ’ ಅಂತ.

ರತ್ನಾಗಿರಿಯವನು ಬೈಯಲಿಲ್ಲ. ಟೇಬಲ್ ಗುದ್ದಲೂ ಇಲ್ಲ. ಗ್ಲಾಸು ಕೆಳಗಿಟ್ಟು ಅಂಗಿ ಜೇಬಿನಿಂದ ಚಿಲ್ಲರೆ ತೆಗೆದ. ಎಣಿಸಿ ಅರ್ಧ ಚಾದ ದುಡ್ಡು ಮಾತ್ರ ಬಸಿಯ ಪಕ್ಕ ಇಟ್ಟ. ಆವತ್ತು ದುಡ್ಡು ಕೊಡುವ ಸರದಿ ಅವನದಾಗಿರಲಿಲ್ಲ. ಅಷ್ಟು ಸಮಯದಲ್ಲಿ ಅವರಿಬ್ಬರ ನಡುವೆ ಅರ್ಧದ ಲೆಕ್ಕ ನಾನು ನೋಡಿದ್ದೂ ಅದೇ ಮೊದಲು. ಮತ್ತೆ ಅವನು ಆ ಟೇಬಲಿಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಂಕಣಕ್ಕೆ ಹೊರಟುಹೋದ ಅಂತ ಕೇಳಿದೆ. ಸಾತಾರೆಯವನು ಆಮೇಲೂ ಬರುತ್ತಿದ್ದ. ನಾನು ಅಭ್ಯಾಸದಿಂದ ಎರಡು ಗ್ಲಾಸು ತಂದಿಟ್ಟೆ. ಅವನು ಒಂದನ್ನು ಹಿಂದಕ್ಕೆ ತಳ್ಳಿ ಕೇಳಿದ, ‘ಅವನ ಊರಿನ ಹೆಸರು ನಿನಗೇನಾದರೂ ಗೊತ್ತಾ ಬಾರಕ್ಯಾ?’ ಇಷ್ಟು ವರ್ಷದ ದೋಸ್ತಿಯಲ್ಲಿ ಊರಿನ ಹೆಸರು ಕೇಳಿಯೇ ಇರಲಿಲ್ಲ ಅವನು. ನನಗೂ ಗೊತ್ತಿರಲಿಲ್ಲ.

ಆ ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಹೇಳಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನಲ್ಲಿ ನೀನು ಸ್ನೇಹಿತೆಯರ ಜೊತೆ ಹೋಗುತ್ತಿದ್ದ ಫೀನಿಕ್ಸ್ ಮಾಲ್ ಕೂಡ ಒಂದು ಕಾಲದ ಗಿರಣಿಯೇ. ಯಾರದ್ದು ಸರಿ, ಯಾರದ್ದು ತಪ್ಪು ಅಂತ ದೊಡ್ಡವರು ಬರೆಯಲಿ. ಅವರಿಬ್ಬರ ದೋಸ್ತಿ ಮುಷ್ಕರದಿಂದ ಮುರಿಯಲಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತು. ಅಷ್ಟು ತಿಂಗಳು ಬೈದಾಡಿಕೊಂಡರೂ ಉಳಿದಿತ್ತು. ಹೆಂಡತಿಯ ಅಡಿಗೆಯ ಮಾತಿಗೆ ಹೋಯ್ತು. ಸಾತಾರೆಯವನು ಕೆಟ್ಟವನಲ್ಲ ಮಗಾ. ಗೆಲ್ಲಬೇಕು ಅನ್ನುವ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಸೆದ. ನೀನು ಓದಿನ ಮಾತು ಎಸೆದದ್ದೂ ಹಾಗೇ ಅಂತ ನನಗೆ ಗೊತ್ತು.

ಇನ್ನೊಂದು. ಮಾವನ ಬಾಯಿ ನೋಡಿದ್ದೀಯ, ಕೈ ನೋಡಿದ್ದೀಯಾ? 2020ರ ಲಾಕ್‌ಡೌನ್‌ನಲ್ಲಿ ಜನ ಗಂಟುಮೂಟೆ ಹೊತ್ತು ನಾಸಿಕ್ ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದಾಗ ಮಾವ ತಮ್ಮ ಹುಡುಗರನ್ನು ಹೋಟೆಲಿನೊಳಗೇ ಇಟ್ಟುಕೊಂಡರು. ವ್ಯಾಪಾರ ಸೊನ್ನೆ. ಆದರೂ ದಿನಾ ಅನ್ನ ಸಾರು ಮಾಡಿಸಿದರು. ಶ್ರಮಿಕ್ ರೈಲು ಶುರುವಾದ ಮೇಲೆ ಹುಡುಗರ ಹೆಸರು ಬರೆಸಲು ಪೊಲೀಸ್ ಸ್ಟೇಷನ್ನಿಗೆ ತಾವೇ ಅಲೆದರು. ಭಯ್ಯಾಗಳನ್ನು ಓಡಿಸಬೇಕು ಅನ್ನುವವರೂ ಅವರೇ. ನಯವಾಗಿ ಮಾತಾಡಿ, ಸಂಬಳ ಕೊಡದೆ ಹುಡುಗರನ್ನು ಬೀದಿಗೆ ಬಿಟ್ಟವರನ್ನೂ ನಾನು ನೋಡಿದ್ದೇನೆ. ಮನುಷ್ಯ ಹೀಗೇ. ಗುಂಪಿನಲ್ಲಿ ಆಡುವ ಮಾತು ಒಂದು, ಎದುರಿಗೆ ಹಸಿದವನು ನಿಂತಾಗ ಮಾಡುವ ಕೆಲಸ ಇನ್ನೊಂದು. ಆ ಗುಂಪಿನ ಮಾತಿನಿಂದ ಬಡವರಿಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾವನನ್ನು ಆ ಮಾತಿನಿಂದ ಈಚೆ ತರಬೇಕು. ತರಬೇಕಾದರೆ ನಾವು ಅವರ ಎದುರಿಗಿರಬೇಕು. ನೀನು ಗ್ರೂಪ್ ಬಿಟ್ಟ ಮೇಲೆ ಅಲ್ಲಿ ಅವರಿಗೆ ಎದುರು ಹೇಳುವವರೇ ಇಲ್ಲ, ನೋಡು. ಬರೀ ಕೈ ಮುಗಿಯುವ ಚಿತ್ರಗಳು.

ಡೊಂಬಿವಲಿ ಲೋಕಲ್‌ನಲ್ಲಿ ನನ್ನ ಜೊತೆ ದಿನಾ ಬರುವವರನ್ನು ನೀನು ನೋಡಿದ್ದೀಯ. ಒಬ್ಬೊಬ್ಬರದು ಒಂದೊಂದು ಪಕ್ಷ. ಠಾಣೆ ಬರುವಷ್ಟರಲ್ಲಿ ಗಂಟಲು ಕಟ್ಟುವ ತನಕ ಕಿರುಚಾಡಿರುತ್ತಾರೆ. ಆಮೇಲೆ ಸೀಟಿನಲ್ಲಿ ಕೂತವನು ತಾನು ಎದ್ದು, ನಿಂತವನನ್ನು ಕೂರಿಸುತ್ತಾನೆ, ನಾಲ್ಕನೆಯವನಿಗೆ ಒಂದಿಷ್ಟು ಸರಿದು ಜಾಗ ಕೊಡುತ್ತಾರೆ. ಇವರೆಲ್ಲ ದೊಡ್ಡ ಮನಸ್ಸಿನವರು ಅಂತಲ್ಲ. ನಾಳೆ ಮತ್ತೆ ಅದೇ ಗಾಡಿ, ಅದೇ ಡಬ್ಬಿ, ಅದೇ ಮುಖ. ಫೋನಿನಲ್ಲಿ ಹೀಗೆ ನಾಳೆ ಅನ್ನುವುದು ಇಲ್ಲ. ಒತ್ತಿದರೆ ಮುಗಿಯಿತು.

ಉಪದೇಶ ಜಾಸ್ತಿಯಾಯ್ತು ಅಂತ ನಿನಗೆ ಅನ್ನಿಸುತ್ತಿರಬಹುದು. ಆದರೂ ಹೇಳುತ್ತೇನೆ. ವಾದ ಮಾಡುವಾಗ ಆಡಿದ ಮಾತನ್ನು ಹಿಡಿ, ಆಡಿದವರ ಹುಟ್ಟು, ಓದು, ಹೆಂಡತಿ, ಮಕ್ಕಳನ್ನು ಹಿಡಿಯಬೇಡ. ‘ನಿಮ್ಮಂಥವರೇ ಹೀಗೆ’ ಅನ್ನಬೇಡ. ಊಟದ ನಡುವೆ ಎಷ್ಟೇ ಸಿಟ್ಟು ಬರಲಿ, ಎಲೆ ಬಿಟ್ಟು ಏಳಬೇಡ. ಪಾಯಸ ಬಡಿಸಲು ಬಂದ ಅಮ್ಮ ನಿನ್ನ ಖಾಲಿ ಮಣೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದಳು. ಅವಳು ಯಾವ ಪಕ್ಷದವಳೂ ಅಲ್ಲ. ಸಿಟ್ಟು ಬಂದರೆ ನೀರು ಕುಡಿ, ಉಪ್ಪಿನಕಾಯಿ ಕೇಳು, ಕೈ ತೊಳೆದ ಮೇಲೆ ಜಗಳ ಮುಂದುವರಿಸು. ಮರ್ಯಾದೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ನಾನು ನಿನಗೆ ಯಾವತ್ತೂ ಹೇಳಿಕೊಟ್ಟಿಲ್ಲ, ಅಲ್ವಾ?

ಹಾಗಂತ ಹೊರಗಿನವರ ಹತ್ತಿರವೂ ಹೀಗೇ ಧೈರ್ಯವಾಗಿ ಬರೆಯುತ್ತಾ ಹೋಗು ಅಂತ ಹೇಳಲು ನನಗೆ ಧೈರ್ಯ ಸಾಲುತ್ತಿಲ್ಲ. 2012ರಲ್ಲಿ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಪೊಲೀಸರು ಹಿಡಿದಿದ್ದರಲ್ಲ. ಶಿವಸೇನೆ ಕಟ್ಟಿದ ಬಾಳ್ ಠಾಕ್ರೆ ತೀರಿಕೊಂಡಾಗ ಊರು ಯಾಕೆ ಬಂದ್ ಮಾಡಬೇಕು ಅಂತ ಒಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು, ಅಷ್ಟೇ. ಬರೆದವಳ ಚಿಕ್ಕಪ್ಪನ ಆಸ್ಪತ್ರೆಯನ್ನೂ ಪುಡಿ ಮಾಡಿದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಗೊತ್ತು. ಆದರೆ ಕಲ್ಲು ಹೊಡೆಯುವವನು ಕಲಂ ನೋಡಿ ಹೊಡೆಯುವುದಿಲ್ಲ. ನೀನು ಪುಣೆಯಲ್ಲಿ ಒಬ್ಬಳೇ ಇರುತ್ತೀಯ. ರಾತ್ರಿ ಎಚ್ಚರವಾದರೆ ನನಗೆ ಇದೇ ಯೋಚನೆ. ಬರೆಯಬೇಡ ಅಂದರೆ ನೀನು ಕೇಳುವವಳಲ್ಲ, ಕೇಳುವುದು ನನಗೂ ಇಷ್ಟವಿಲ್ಲ. ಬರೆಯುವ ಮೊದಲು ನನಗೊಂದು ಸಲ ಓದಿಸು, ತಡೆಯಲಿಕ್ಕಲ್ಲ. ಗೊತ್ತಿದ್ದರೆ ಆಯ್ತು.

ಮೊನ್ನೆ ಮಾವನ ಹೋಟೆಲಿಗೆ ಹೋಗಿದ್ದೆ. ‘ಹೆಣ್ಣುಮಕ್ಕಳಿಗೆ ಯಾಕೆ ರಾಜಕೀಯದ ಉಸಾಬರಿ’ ಅಂತ ಆವತ್ತು ಅವರು ಅಂದದ್ದು ತಪ್ಪು ಅಂತ ಮುಖಕ್ಕೇ ಹೇಳಿದೆ. ಅವರು ಬಿಲ್ಲಿನ ಪುಸ್ತಕ ತಿರುವುತ್ತಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಭಾವ, ಓದಿನ ಮಾತು ಒಂದು ಬೇಡಿತ್ತು’ ಅಂದರು. ಅಷ್ಟೇ ಹೇಳಿದ್ದು.

ನಿಶ್ಚಿತಾರ್ಥ ಮುಂದಿನ ಭಾನುವಾರ, ಹತ್ತೂವರೆಗೆ. ಸಿಂಹಗಡ ಎಕ್ಸ್‌ಪ್ರೆಸ್‌ಗೆ ಹೊರಟು ಕಲ್ಯಾಣದಲ್ಲಿ ಇಳಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಮಾವನ ಕಾಲಿಗೆ ಬೀಳಬೇಕಿಲ್ಲ. ಅವರು ಭಯ್ಯಾಗಳ ವಿಷಯ ಮತ್ತೆ ತೆಗೆದರೆ ನೀನು ಸುಮ್ಮನಿರಬೇಕಾಗಿಯೂ ಇಲ್ಲ, ಈ ಸಲ ನಾನೂ ನಿನ್ನ ಜೊತೆ ಮಾತಾಡುತ್ತೇನೆ. ಓದಿನ ಮಾತಿಗೆ ಮಾತ್ರ ತಪ್ಪಾಯ್ತು ಮಾವ ಅನ್ನು. ಬರುವುದಾದರೆ ಅಮ್ಮನಿಗಾದರೂ ಮೆಸೇಜ್ ಹಾಕು, ಊಟದ ಲೆಕ್ಕ ಶುಕ್ರವಾರವೇ ಕೊಡಬೇಕು.

ನಿನ್ನ
ಅಪ್ಪಯ್ಯ